ಕಪ್ಪಿನ ಪಕ್ಕ ಕಪ್ಪು

ಮೊನ್ನೆ ನಮ್ಮ ಮನೆಯ ಕಂಪ್ಯೂಟರಿಗೆ ಹೊಸ ಮದರ್‌ಬೋರ್ಡು ಹಾಕಲು ಬಂದವರು ಊಟದ ಮೇಜಿನ ಮೇಲೆ ತಂತಿಗಳ ಗೊಂಚಲು ಹರಡಿಕೊಂಡು ಕೂತಿದ್ದರು. ಕೆಂಪು, ಹಳದಿ, ಕಪ್ಪು. ಹುಳಿಗೆ ಒಗ್ಗರಣೆಯಿಟ್ಟಿದ್ದ ನಾನು ಸೌಟು ಹಿಡಿದೇ ಆಚೆ ಬಂದು, “ಕಪ್ಪಿನ ಪಕ್ಕ ಕಪ್ಪು ಬರ್ಬೇಕು, ನೋಡ್ಕೊಂಡು ಹಾಕಿ” ಅಂದೆ. ಆತ ತಲೆಯೆತ್ತಿ ನನ್ನನ್ನೂ ಸೌಟನ್ನೂ ನೋಡಿದರು.

“ಅದು ಹಳೇ ಕಾಲದ್ದು ಆಂಟಿ. ನಿಮಗೆ ಹೆಂಗೆ ಗೊತ್ತು?”

ನೀವೂ ಅದನ್ನೇ ಕೇಳುತ್ತೀರಿ. ಫ್ಯೂಸು ಹಾಕಲೂ ಬಾರದ ನನಗೆ ಕಂಪ್ಯೂಟರಿನ ವಿಷಯದಲ್ಲಿ ಗೊತ್ತಿರುವುದು ಇದೊಂದೇ ಮಾತು. ಅದೂ ನನ್ನದಲ್ಲ, ನನ್ನ ಒಡಹುಟ್ಟಿದ ಸೀನಣ್ಣನದು.

ಎಂಬತ್ತರ ದಶಕದ ಕೊನೆ. ಬಸವೇಶ್ವರನಗರದಲ್ಲಿ, ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ, ಅಣ್ಣ ರೇಡಿಯೊ ರಿಪೇರಿ ಮಾಡುತ್ತಿದ್ದ. ಮನೆಮನೆಗೂ ಟೀವಿ ಬಂದ ಮೇಲೆ ರೇಡಿಯೊ ತರುವವರು ಕಡಿಮೆಯಾದರು. ತಂದವರು ಒಯ್ಯಲು ಬರುತ್ತಿರಲಿಲ್ಲ. ಯಾರ ಯಾರದೋ ರೇಡಿಯೊಗಳ ನಡುವೆ ಅಣ್ಣ ಒಬ್ಬನೇ ಕೂತಿರುತ್ತಿದ್ದ.

ಅಷ್ಟರಲ್ಲಿ ರಾಜಾಜಿನಗರದಲ್ಲಿ ಪ್ರೆಸ್ ಇಟ್ಟಿದ್ದ ಪುಟ್ಟಸ್ವಾಮಿಯವರ ಕಂಪ್ಯೂಟರು ಕೆಟ್ಟಿತು. ಬೊಂಬಾಯಿಯಿಂದ ಹೊಸ ಬೋರ್ಡು ತರಿಸಿದ ಅವರು, “ಇದೊಂದು ಕೂರ್ಸಿಕೊಡಿ ಸೀನಣ್ಣ. ಆಮೇಲೆ ನಮ್ಮ ಪ್ರೆಸ್ಸು, ನಮ್ಮ ಭಾವನ ಪ್ರೆಸ್ಸು, ಎಲ್ಲಾ ಮಷೀನೂ ನಿಮ್ಮ ಕೈಗೇ” ಅಂದಿದ್ದರು. ಅಣ್ಣನಿಗೆ ನಲವತ್ತು ದಾಟಿತ್ತು. ಇನ್ನೊಂದು ಕಸುಬು ಕೈಹತ್ತಿದರೆ ಇದರಿಂದಲೇ ಎಂದು ಅವನಿಗೂ ಗೊತ್ತಿತ್ತು, ನನಗೂ.

ಬೋರ್ಡು ಕೂರಿಸುವ ಹಿಂದಿನ ಸಂಜೆ ಅವರೆಕಾಯಿ ಬಿಡಿಸುತ್ತಿದ್ದ ನನ್ನನ್ನೇ ಕೂರಿಸಿಕೊಂಡು ಪಾಠ ಮಾಡಿದ. ಕರೆಂಟಿನ ಡಬ್ಬಿಯಿಂದ ಬೋರ್ಡಿಗೆ ಎರಡು ಪ್ಲಗ್ಗು ಬರುತ್ತವೆ. ಎರಡಕ್ಕೂ ಆರಾರು ತಂತಿ, ಅವಳಿಗಳ ಹಾಗೆ ಒಂದೇ ಆಕಾರ. ಅದರ ಜಾಗದಲ್ಲಿ ಇದೂ ಕೂರುತ್ತದೆ. ಎರಡರ ಕಪ್ಪು ತಂತಿಗಳೂ ನಡುವೆ, ಪಕ್ಕಪಕ್ಕ ಬರಬೇಕು. ಅದಲುಬದಲಾದರೆ ಬೋರ್ಡು ಸುಟ್ಟಂತೆಯೇ.

“ಎಲ್ಲಿ, ಹೇಳು ನೋಡೋಣ.”

“ಕಪ್ಪಿನ ಪಕ್ಕ ಕಪ್ಪು.”

“ನೋಡು, ನೀನೇ ಕಲ್ತುಬಿಟ್ಟೆ. ಇನ್ನು ನಾನು ತಪ್ತೀನೇನೇ?”

ಮರುದಿನ ಶುಕ್ರವಾರ. ಆರತಿಗೆ ಮುತ್ತೈದೆ ಬೇಕು, ಮನೆಯಾಕೆ ತವರಿಗೆ ಹೋಗಿದ್ದಾರೆ ಎಂದು ಪುಟ್ಟಸ್ವಾಮಿಯವರು ನನ್ನನ್ನೂ ಬರಹೇಳಿದ್ದರು. ನಾವು ಪ್ರೆಸ್ಸಿಗೆ ಹೋದಾಗ ಕರೆಂಟಿರಲಿಲ್ಲ. ಆಗೆಲ್ಲ ಅದು ಹೇಳದೆ ಹೋಗುತ್ತಿತ್ತು, ಹೇಳದೆ ಬರುತ್ತಿತ್ತು. ಬಂದಾಗ ರುಬ್ಬುವುದು, ನೀರು ಏರಿಸುವುದು, ಇಸ್ತ್ರಿ, ಎಲ್ಲ ಓಡೋಡಿ ಮಾಡಿಕೊಳ್ಳುತ್ತಿದ್ದೆವು. ಅಣ್ಣ ನಿಧಾನವಾಗಿ ಬೋರ್ಡನ್ನು ಮೇಜಿನ ಮೇಲಿಟ್ಟು, ಎರಡೂ ಪ್ಲಗ್ಗು ಕೂರಿಸಿ, ನನಗೆ ಕಣ್ಣಲ್ಲೇ ತೋರಿಸಿದ. ಕಪ್ಪಿನ ಪಕ್ಕ ಕಪ್ಪು. ಸರಿಯಾಗಿತ್ತು.

“ಹೊಸ ಸಾಮಾನು, ದೇವರ ಮುಂದೆ ಇಡ್ದೆ ಹೆಂಗೆ?” ಅಂದರು ಪುಟ್ಟಸ್ವಾಮಿ.

ಅಣ್ಣ ಪ್ಲಗ್ಗುಗಳನ್ನು ಕಿತ್ತು ಬೋರ್ಡನ್ನು ದೇವರ ಪಟದ ಮುಂದೆ ಬಾಳೆಲೆಯ ಮೇಲಿಟ್ಟ. ಅಂಚಿಗೆ ಕುಂಕುಮ ಇಟ್ಟು ಆರತಿ ಎತ್ತಿದೆ. ಆಗಲೇ ಫ್ಯಾನು ತಿರುಗಿತು.

“ಕರೆಂಟು ಬಂತು ಸೀನಣ್ಣ. ಇನ್ನೇನು ರಾಹುಕಾಲ. ಅಷ್ಟರೊಳಗೆ ಒಂದ್ಸಲ ಆನ್ ಮಾಡ್ಬಿಡಿ.”

ಹುಟ್ಟಿದಾಗಿನಿಂದ ಅವಸರ ಅರಿಯದವನು ಅವತ್ತು ಅವಸರ ಮಾಡಿದ. ಎಲ್ಲರ ಕಣ್ಣೂ ಗಡಿಯಾರದ ಮೇಲೆ, ಅವನದೂ. ಪ್ಲಗ್ಗುಗಳು ಸಲೀಸಾಗಿ ಕೂತವು. ಸ್ವಿಚ್ಚು ಹಾಕಿದ. ಚಟ್ ಎಂದು ಸಣ್ಣ ಸದ್ದು. ಊದುಬತ್ತಿಯ ಹೊಗೆಯೊಳಗೆ ಇನ್ನೊಂದು ಹೊಗೆ. ಕಪ್ಪು ತಂತಿಗಳು ಎರಡು ತುದಿಗೆ ಹೋಗಿದ್ದವು.

“ರಾಹುಕಾಲ ಇನ್ನೂ ಬಂದಿರ್ಲಿಲ್ವಲ್ಲ,” ಪುಟ್ಟಸ್ವಾಮಿ ತಮಗೆ ತಾವೇ ಹೇಳಿಕೊಂಡರು. ಬೈಯಲಿಲ್ಲ. ಕಾಫಿ ಕುಡಿಸಿಯೇ ಕಳಿಸಿದರು. ಮತ್ತೆ ಕರೆಯಲೂ ಇಲ್ಲ.

ರೇಡಿಯೊಗಳು ಗುಜರಿಗೆ ಹೋದವು. ಅಣ್ಣ ಕೆಂಗೇರಿಯ ಕಡೆ ಒಂದು ಗೋಡೌನಿನ ಕಾವಲಿಗೆ ಸೇರಿದ. ನಮ್ಮ ಮನೆಗೆ ಬಂದಾಗ ಬಲ್ಬು ಬದಲಿಸು ಅಂದರೂ, “ನನ್ನ ಕೈ ಬೇಡ ಕಣೇ” ಎನ್ನುತ್ತಿದ್ದ. ಹಾಗೇ ಇದ್ದು, ಹಾಗೇ ತೀರಿಕೊಂಡ. ಗ್ರಹಚಾರ ಅಂದೆವು ನಾವೆಲ್ಲ. ಇಷ್ಟು ವರ್ಷ ಅದೊಂದು ಮಾತನ್ನು ಹಿಡಿದುಕೊಂಡು ಸಮಾಧಾನ ಮಾಡಿಕೊಂಡಿದ್ದೆ.

“ಈಗ ಎರಡಿಲ್ಲ ಆಂಟಿ, ಒಂದೇ ಪ್ಲಗ್ಗು. ಉಲ್ಟಾ ಹೋಗೋದೇ ಇಲ್ಲ” ಎಂದು ಬೋರ್ಡು ಹಾಕಲು ಬಂದಾತ ತೋರಿಸಿದರು. ಮಗ್ಗುಲಲ್ಲಿ ಅವರೆಕಾಳಿನಷ್ಟು ಪ್ಲಾಸ್ಟಿಕ್ಕಿನ ಕೊಕ್ಕೆ.

“ಇಷ್ಟೇನಾ?”

“ಇಷ್ಟೇ.”

ಸೌಟು ಕೆಳಗಿಟ್ಟು ಪ್ಲಗ್ಗನ್ನು ಉಲ್ಟಾ ಹಿಡಿದು ಒತ್ತಿದೆ. ಹೋಗಲಿಲ್ಲ. ಇನ್ನೂ ಬಲವಾಗಿ ಒತ್ತಿದೆ.

“ಮುರಿಯುತ್ತೆ ಆಂಟಿ, ಬಿಡಿ” ಎಂದು ಆತ ನನ್ನ ಬೆರಳುಗಳನ್ನು ಮೆಲ್ಲಗೆ ಬಿಡಿಸಿದರು. ಒಳಗೆ ಒಗ್ಗರಣೆ ಸೀದುಹೋಗಿತ್ತು. ಅಣ್ಣನಿಗಾದದ್ದನ್ನು ಗ್ರಹಚಾರ ಅನ್ನಲು ಇನ್ನು ನನಗೆ ಬಾಯಿ ಬಾರದು.