ಫ್ಲೆಕ್ಸ್‌ನಲ್ಲಿ ಜಯಮ್ಮ ಎಲ್ಲಿ?

ನಮ್ಮ ಮನೆ ಓನರ್ ಜಯಮ್ಮ ತೀರಿಕೊಂಡ ಸಂಜೆ, ಅವರ ಮಗ ನಾಗೇಶ ನನ್ನ ಬಾಗಿಲು ತಟ್ಟಿದ. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. "ಸಾರ್, ನೀವು ಪೇಪರಲ್ಲಿ ಬರಿಯೋರು. ಅಮ್ಮನ ಫ್ಲೆಕ್ಸ್‌ಗೆ ನಾಲ್ಕು ಲೈನ್ ಕವನ ಕೊಡಿ. ಅಳು ಬರೋ ಹಂಗಿರ್ಲಿ."

ಕೊಟ್ಟೆ. ಬಾಡಿಗೆದಾರ "ಆಗಲ್ಲ" ಎನ್ನಲು ಸಾಧ್ಯವೇ? (ಬರೆಯುತ್ತಾ ನಾನೂ ಒಂದು ಹನಿ ಅತ್ತೆ. ಜಯಮ್ಮನಿಗಾಗಿಯೋ, ಸಾಲುಗಳು ಚೆನ್ನಾಗಿ ಬಂದವೆಂದೋ, ಕೇಳಬೇಡಿ.)

ಬೆಳಗ್ಗೆ ಬೇಗೂರಿನ ನಮ್ಮ ಬೀದಿಯ ತುದಿಯಲ್ಲಿ ಫ್ಲೆಕ್ಸ್ ಎದ್ದಿತ್ತು. ಎರಡಾಳೆತ್ತರ. ನಡುವೆ ನಾಗೇಶ, ಕೂಲಿಂಗ್ ಗ್ಲಾಸ್ ಹಾಕಿ, ಕೈಮುಗಿದು ನಗುತ್ತಿದ್ದಾನೆ. ವಾರ್ಡ್ ಎಲೆಕ್ಷನ್‌ಗೆ ನಿಲ್ಲುವ ಆಸೆ ಅವನಿಗೆ. ಸುತ್ತಲೂ ಗೆಳೆಯರ ಬಳಗ, ಎಲ್ಲರ ಕತ್ತಲ್ಲೂ ಚಿನ್ನದ ಸರ. "ಭಾವಪೂರ್ಣ ಶ್ರದ್ಧಾಂಜಲಿ" ಎಂದು ಓದದಿದ್ದರೆ ಯಾರದೋ ಬರ್ತ್‌ಡೇ ಅಂದುಕೊಳ್ಳಬೇಕು.

ನಾನು ಮೊದಲು ಹುಡುಕಿದ್ದು ಏನನ್ನು? ನನ್ನ ಕವನವನ್ನು. ಕೊನೆಯ ಎರಡು ಸಾಲಿನ ಮೇಲೆ ಯಾವನೋ ಯುವ ಮುಖಂಡನ ತಲೆ ಕೂತಿತ್ತು. ಮೈಯೆಲ್ಲ ಉರಿದುಹೋಯಿತು.

ಅಷ್ಟರಲ್ಲಿ ಜಯಮ್ಮನ ಗಂಡ ಮುನಿಯಪ್ಪ ಪಕ್ಕಕ್ಕೆ ಬಂದು ನಿಂತರು. ಕಣ್ಣು ಕಿರಿದು ಮಾಡಿ ಮೇಲಿಂದ ಕೆಳಗೆ ನೋಡಿದರು.

"ನಮ್ಮೋಳು ಎಲ್ಲವ್ಳೆ ಸಾರ್?"

ಆಗ ನಾನೂ ಹುಡುಕಿದೆ. ಕೆಳಗೆ, ಮೂಲೆಯಲ್ಲಿ, ಅಂಗೈಯಗಲದಷ್ಟು ಜಯಮ್ಮ. ಗೃಹಪ್ರವೇಶದ ಗುಂಪು ಫೋಟೊದಿಂದ ಎತ್ತಿದ ಮುಖ. ಬೇರೆ ಫೋಟೊವೇ ಇರಲಿಲ್ಲವಂತೆ. ಮನೆಯವರು ಫೋಟೊ ತೆಗೆಸಿಕೊಳ್ಳುವಾಗೆಲ್ಲ ಆಕೆ ಒಳಗೆ ಊಟ ಬಡಿಸುತ್ತಿದ್ದರು.

"ಗ್ವಾಡೆಗೆ ಹಾಕ್ಕಳಾಕೆ ಅವಳ್ದೊಂದು ಫೋಟೊ ಮಾಡ್ಸ್ಕೊಡೋ ನಾಗೇಶ," ಮುನಿಯಪ್ಪ ಅಲ್ಲಿಗೆ ಬಂದ ಮಗನನ್ನು ಕೇಳಿದರು.

ನಾಗೇಶ ಫೋನಿನಲ್ಲಿದ್ದ. "ಇಷ್ಟು ದೊಡ್ಡ ಫ್ಲೆಕ್ಸ್ ಹಾಕ್ಸಿಲ್ವೇನಪ್ಪ? ತಿಥಿ ಮುಗೀಲಿ, ನೋಡೋಣ."

ಮರುದಿನ ಮಧ್ಯಾಹ್ನ ಮುನಿಯಪ್ಪ, ಬೀದಿಯವರೆಲ್ಲ ನೋಡುತ್ತಿದ್ದಂತೆ ಫ್ಲೆಕ್ಸ್ ಮುಂದೆ ಕುಕ್ಕರಗಾಲಲ್ಲಿ ಕೂತು, ಕತ್ತರಿಯಿಂದ ಹೆಂಡತಿಯ ಮುಖವನ್ನಷ್ಟೇ ಕತ್ತರಿಸಿಕೊಂಡರು. ಒಯ್ದು ತಮ್ಮ ಮಂಚದ ಮೇಲಿನ ಗೋಡೆಗೆ ಅಂಟಿಸಿದರು. ನಾನು ಬರೆದುಕೊಟ್ಟ ಪ್ರೀತಿಯ ನಾಲ್ಕು ಸಾಲು ಯಾವ ಮೂಲೆಗೆ?

ಫ್ಲೆಕ್ಸ್ ಮಾತ್ರ ಹಾಗೇ ನಿಂತಿತ್ತು. ತೀರಿಕೊಂಡವರೇ ಇಲ್ಲದ ಶ್ರದ್ಧಾಂಜಲಿಯ ಮುಂದೆ ಬಂದವರೆಲ್ಲ ಸೆಲ್ಫಿ ತೆಗೆದುಕೊಂಡರು. ಯಾರೂ ಏನೂ ಕೇಳಲಿಲ್ಲ.

ಕೇಳಿದವನು ನಾಗೇಶ ಒಬ್ಬನೇ. ಯಾರೋ ಫ್ಲೆಕ್ಸ್ ಹರಿದಿದ್ದಾರೆಂದು ಸುದ್ದಿ ತಿಳಿದು ಏದುಸಿರು ಬಿಡುತ್ತಾ ಓಡಿ ಬಂದ:

"ಸಾರ್, ನನ್ ಮುಖಕ್ಕೇನೂ ಆಗಿಲ್ಲ ತಾನೆ?"