ಮೋರಿಯ ಎರಡು ಬದಿ, ಎಡ್ಮಂಡರ ಒಂದು ಆನರ್ಸ್

ಮಸ್ಕತ್ತಿನಲ್ಲಿ ಸ್ಟೋರ್‌ಕೀಪರ್ ಆಗಿದ್ದು, ತಲೆ ನರೆತ ಮೇಲೆ ಊರಿಗೆ ಮರಳಿದ ಎಡ್ಮಂಡರಲ್ಲಿ ಅಭಿಪ್ರಾಯಗಳಿಗೆ ಕೊರತೆಯಿರಲಿಲ್ಲ, ಕೇಳುವವರಿಗೆ ಇತ್ತು. ಇಗರ್ಜಿಯ ಸಮಿತಿಯ ಸಭೆಯಲ್ಲಿ ಅವರು ಎದ್ದು ನಿಂತರೆ ಸಾಕು, ಎಂ.ಎ. ಮಾಡಿದ ಭಾವ ವಿಲ್ಫ್ರೆಡ್ ಕನ್ನಡಕ ಸರಿಮಾಡಿಕೊಂಡು, "ಭಾವ, ವಿಷಯ ಸ್ವಲ್ಪ ಟೆಕ್ನಿಕಲ್ ಉಂಟು, ಕುಳಿತುಕೊಳ್ಳಿ" ಎನ್ನುತ್ತಿದ್ದರು. ಕುಳಿತು ಕುಳಿತು ಸಾಕಾಗಿ, ೨೦೦೩ರಲ್ಲಿ ಎಡ್ಮಂಡರು ತಮ್ಮ ಹಳೆಯ ಬಿ.ಎ. ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಮಣಿಪಾಲದ ಗುಡ್ಡೆ ಹತ್ತಿದರು. ಅಲ್ಲಿಯ ಒಂದು ಕಾಲೇಜಿನಲ್ಲಿ ರಾಜಕೀಯ ಮತ್ತು ಸಾರ್ವಜನಿಕ ನೀತಿಯಲ್ಲಿ ಒಂದು ವರ್ಷದ ಆನರ್ಸ್ ಇತ್ತು. ಅದೊಂದು ಕೈಗೆ ಬಂದರೆ ವಿಲ್ಫ್ರೆಡ್ ಭಾವನ ಬಾಯಿ ಮುಚ್ಚಿದಂತೆಯೇ.

ಮೊದಲ ದಿನ ಅವರು ಒಳಗೆ ಕಾಲಿಟ್ಟಾಗ ತರಗತಿಗೆ ತರಗತಿಯೇ ಎದ್ದು ನಿಂತಿತು. ಎಡ್ಮಂಡರು ಎಲ್ಲರಿಗೂ "ಕುಳಿತುಕೊಳ್ಳಿ" ಎಂದು ಕೈಸನ್ನೆ ಮಾಡಿ, ಆಮೇಲೆ ತಮಗೊಂದು ಜಾಗ ಹುಡುಕಿದರು.

ಪ್ರಬಂಧಕ್ಕೆ ವಿಷಯ ಮನೆಯ ಹತ್ತಿರವೇ ಸಿಕ್ಕಿತು. ಇನ್ನಂಜೆಯಿಂದ ಕಾಪುವಿಗೆ ಹೋಗುವ ದಾರಿಯಲ್ಲಿ, ಅವರ ಮನೆಯ ಎದುರಿನ ಮೋರಿಯ, ಅಂದರೆ ತೋಡಿನ ಮೇಲಿನ ಕಿರುಸೇತುವೆಯ ಬಳಿ ಬಸ್ಸು ನಿಲ್ಲುತ್ತದೆ. ತಂಗುದಾಣ ಇಲ್ಲ. ನಮ್ಮ ಕಡೆ ತಂಗುದಾಣ ಎದ್ದೇಳುವುದು ಸತ್ತವರ ಸ್ಮರಣಾರ್ಥ. ಇಲ್ಲಿ ಸ್ಮರಿಸಬೇಕಾದವರು ಇಬ್ಬರಾದದ್ದೇ ತೊಂದರೆ. ಮೋರಿಯ ಮೂಡು ಬದಿಯಲ್ಲಿ ತನ್ನ ಅಪ್ಪನ ಹೆಸರಲ್ಲಿ ಕಟ್ಟಿಸುತ್ತೇನೆಂದು ಗದ್ದೆಯ ಮುದ್ದಣ್ಣ, ಪಡು ಬದಿಯಲ್ಲಿ ಗಂಡ ರೊಸಾರಿಯೊ ಹೆಸರಲ್ಲಿ ಕಟ್ಟಿಸುತ್ತೇನೆಂದು ಅಪೊಲೋನಿಯಾ ಬಾಯಿ. ಪಂಚಾಯತಿನವರು ಒಂದಕ್ಕೆ ಮಾತ್ರ ಅನುಮತಿ ಎಂದು ಹೇಳಿ ವರ್ಷಗಳಾಗಿದ್ದವು. ಜನ ಬಿಸಿಲಲ್ಲಿ ನಿಂತು ಎರಡೂ ಪಕ್ಷವನ್ನು ವಹಿಸುತ್ತಿದ್ದರು.

'ಸ್ಥಳೀಯ ಆಡಳಿತದಲ್ಲಿ ತೀರ್ಮಾನಶೂನ್ಯತೆ: ಒಂದು ಮೋರಿಯ ಅಧ್ಯಯನ' ಎಂದು ಹೆಸರಿಟ್ಟು, ಟೈ ಕಟ್ಟಿಕೊಂಡು ಎಡ್ಮಂಡರು ಗದ್ದೆಗಿಳಿದರು.

"ಈ ಭಿನ್ನಾಭಿಪ್ರಾಯದ ಮೂಲ ಪ್ರೇರಣೆ ಯಾವುದು?"

"ಎಂತ ಪ್ರೇರಣೆ ಪೊರ್ಬುಗಳೇ?" ಎಂದ ಮುದ್ದಣ್ಣ, ಊರಲ್ಲಿ ಕ್ರೈಸ್ತ ಗಂಡಸರನ್ನು ಮರ್ಯಾದೆಯಿಂದ ಕರೆಯುವ ಹಾಗೆ. "ಬಾಯಮ್ಮ ಆ ಬದಿ ಅಂದ್ರು, ನಾನು ಈ ಬದಿ ಅಂದೆ. ಅಷ್ಟೇ ಅಲ್ವಾ?"

ಅಷ್ಟಕ್ಕೆ ಬಿಡಲು ಎಡ್ಮಂಡರು ಅರೆಬರೆ ವಿದ್ಯಾರ್ಥಿಯಲ್ಲ. ವಾರ ವಾರ ಬಂದು ಇಬ್ಬರನ್ನೂ ಕೂರಿಸಿ ಪ್ರೇರಣೆ ಕೇಳಿದರು. ಕೊನೆಗೆ, ಈ ಪ್ರಶ್ನೆಗಳಿಂದ ಪಾರಾಗಲು ಬೇರೆ ದಾರಿ ಕಾಣದೆ, ಮುದ್ದಣ್ಣ ಮತ್ತು ಅಪೊಲೋನಿಯಾ ಬಾಯಿ ರಾಜಿಯಾದರು. ಎಡ್ಮಂಡರು ಕ್ರಿಸ್ಮಸ್‌ಗೆಂದು ಕಾರ್ಕಳದ ಕುಕ್ಕುಂದೂರಿಗೆ, ಹೆಂಡತಿಯ ತವರಿಗೆ ಹೋಗಿ ತಿರುಗಿ ಬರುವಾಗ ಪಡು ಬದಿಯಲ್ಲಿ ಕೆಂಪುಕಲ್ಲಿನ ಗೋಡೆ ಎದ್ದು, ಹಂಚು ಕೂತು, ಎರಡೂ ಹೆಸರಿನ ಕಲ್ಲುಗಳು ಅಕ್ಕಪಕ್ಕದಲ್ಲಿ ಹೊಳೆಯುತ್ತಿದ್ದವು.

"ಬಾ ಎಡ್ಮಂಡ್, ಕುಳಿತುಕೋ, ತಂಪುಂಟು," ಎಂದರು ಅಪೊಲೋನಿಯಾ ಬಾಯಿ. "ಎಲ್ಲ ನಿನ್ನಿಂದಲೇ ಆದದ್ದು."

"ಯಾರನ್ನು ಕೇಳಿ ರಾಜಿ ಮಾಡಿಕೊಂಡ್ರಿ?" ಎಂದರು ಎಡ್ಮಂಡರು.

ಪ್ರಬಂಧಕ್ಕೆ ಮಾರ್ಗದರ್ಶಕರಾಗಿದ್ದವರು ಗದಗ ಕಡೆಯ ದ್ರಾಕ್ಷಾಯಿಣಿ ಮೇಡಂ, ಎಡ್ಮಂಡರ ಅರ್ಧ ವಯಸ್ಸಿನವರು. ಸುದ್ದಿ ಕೇಳಿ ಅವರು ಪೆನ್ನು ಕೆಳಗಿಟ್ಟರು. "ಸಮಸ್ಯೆನ ಹೋತಂದ್ರ ಪ್ರಬಂಧದಾಗ ಏನ್ ಉಳೀತ್ರಿ ಸರ? ಹೊರಗಿನ ಪರೀಕ್ಷಕರು ಜಾಗಾ ನೋಡಾಕ ಬರ್ತಾರ. ಜಗಳ ಇಲ್ಲಂದ್ರ ಫೇಲ್ ಮಾಡ್ತಾರ್ರಿ."

ಎಡ್ಮಂಡರು ಆ ಸಂಜೆಯೇ ಇಬ್ಬರ ಕೈಕಾಲು ಹಿಡಿದರು. ಪರೀಕ್ಷಕರು ಬಂದುಹೋಗುವ ತನಕ ದಯವಿಟ್ಟು ಜಗಳ ಮುಂದುವರಿಸಬೇಕು!

"ಮುಗಿದ ಜಗಳವನ್ನು ಪುನಃ ಮಾಡ್ಲಿಕ್ಕೆ ಮೂಡ್ ಬೇಕಲ್ವಾ ಪೊರ್ಬುಗಳೇ?" ಎಂದ ಮುದ್ದಣ್ಣ.

"ಪಾಪ, ಓದುವ ಹುಡುಗ," ಎಂದರು ಅಪೊಲೋನಿಯಾ ಬಾಯಿ. "ಆಗಲಿ ಮುದ್ದಣ್ಣ, ಒಂದು ದಿನ ತಾನೇ."

ಹೆಂಡತಿ ಲೊರ್ನಾಗೆ ಮಾತ್ರ ಇದು ಅರ್ಥವಾಗಲಿಲ್ಲ. "ಜಗಳವೇ ಬೇಕಿದ್ದರೆ ಮನೆಯಲ್ಲೇ ಮಾಡಬಹುದಿತ್ತಲ್ಲ, ಮಣಿಪಾಲಕ್ಕೆ ಯಾಕೆ ಹೋದದ್ದು?"

ಪರೀಕ್ಷಕರು ಬರುವ ದಿನ ತಂಗುದಾಣವನ್ನು ತೆಂಗಿನ ಮಡಲಿನಿಂದ ಅಡಿಯಿಂದ ಮುಡಿವರೆಗೆ ಮುಚ್ಚಲಾಯಿತು. ನೋಡಿದವರು ಮದುವೆಯ ಚಪ್ಪರ ಎಂದುಕೊಳ್ಳಬೇಕು. ಮಾರ್ಚ್ ತಿಂಗಳ ಬಿಸಿಲು. ಜೀಪಿನಿಂದ ಇಳಿದ ಪರೀಕ್ಷಕರು ಆಚೀಚೆ ನೋಡದೆ ನೇರ ಅದರೊಳಗೇ ಹೋಗಿ, ಸಿಮೆಂಟಿನ ಕಟ್ಟೆಯ ಮೇಲೆ ಕುಳಿತು, ಕುತ್ತಿಗೆಯ ಬೆವರು ಒರೆಸಿಕೊಂಡರು.

"ಉಸ್ಸಪ್ಪಾ! ಇಲ್ಲೊಂದು ತಂಗುದಾಣ ಇರಬೇಕಿತ್ತು ನೋಡಿ."

"ಅದೇ ಸರ್ ಸಮಸ್ಯೆ," ಎಂದರು ಎಡ್ಮಂಡರು.

ಜಗಳ ಶುರುವಾಯಿತು. "ಮುದ್ದಣ್ಣ, ನನಗೆ ಪಡು ಬದಿ ಬೇಕು." "ಇಲ್ಲ ಬಾಯಮ್ಮ, ನನಗೆ ಮೂಡು ಬದಿ ಬೇಕು." ಶಾಲೆಯ ವಾರ್ಷಿಕೋತ್ಸವದ ನಾಟಕವೇ ಇದಕ್ಕಿಂತ ವಾಸಿ. ಪರೀಕ್ಷಕರ ಕಣ್ಣು ಮುಚ್ಚತೊಡಗಿತು. ತಮ್ಮ ಆನರ್ಸ್ ಕಣ್ಣೆದುರೇ ನಿದ್ದೆಹೋಗುವುದನ್ನು ಕಂಡ ಎಡ್ಮಂಡರು, ಇನ್ನೂ ಜೋರು ಎಂದು ಮುದ್ದಣ್ಣನಿಗೆ ಸನ್ನೆ ಮಾಡಿದರು.

"ನಿಮ್ಮ ರೊಸಾರಿಯೊ ಪೊರ್ಬುಗಳು ಬಸ್ಸಿಗೆ ಕಾದದ್ದು ಯಾವಾಗ ಬಾಯಮ್ಮ? ಅವರಿಗೆ ಸ್ಕೂಟರ್ ಇತ್ತಲ್ವಾ?"

ಇದು ಎಡ್ಮಂಡರು ಕಲಿಸಿಕೊಟ್ಟ ಮಾತಲ್ಲ. ಅಪೊಲೋನಿಯಾ ಬಾಯಿಯ ಮುಖ ಕೆಂಪಾಯಿತು.

"ನಿನ್ನ ಅಪ್ಪ ಕಾದದ್ದು ಹೌದು ಮಾರಾಯ. ಟಿಕೆಟ್ ತೆಗೆಯದ ಮನುಷ್ಯನನ್ನು ಯಾವ ಕಂಡಕ್ಟರ್ ಹತ್ತಿಸಿಕೊಳ್ಳುತ್ತಾನೆ?"

"ಸತ್ತವರ ಸುದ್ದಿಗೆ ಬರ್ಬೇಡಿ ಬಾಯಮ್ಮ!"

"ಸ್ಕೂಟರಿನ ಸುದ್ದಿ ತೆಗೆದದ್ದು ಯಾರು?"

"ಸಾಕು, ಸಾಕು," ಎಂದು ಎಡ್ಮಂಡರು ನಡುವೆ ಬಂದರು. "ನೀನು ಸುಮ್ಮನಿರು!" ಎಂದು ಅಪೊಲೋನಿಯಾ ಬಾಯಿ ಗದರಿದರು. ಪರೀಕ್ಷಕರು ಮಾತ್ರ ಪೂರ್ತಿ ಎಚ್ಚರಗೊಂಡು, "ತಡೆಯಬೇಡಿ, ಇಂಥ ಜೀವಂತ ದತ್ತಾಂಶ ಎಲ್ಲಿ ಸಿಗುತ್ತದೆ!" ಎಂದರು. ಅಷ್ಟರಲ್ಲಿ ಮುದ್ದಣ್ಣ, ನನ್ನ ಅಪ್ಪ ಇವರ ಗಂಡನ ಪಕ್ಕದಲ್ಲಿ ಒಂದು ಗಳಿಗೆಯೂ ಇರುವುದು ಬೇಡ ಎಂದು ಮಡಲನ್ನು ಕಿತ್ತು ಬಿಸಾಡಿ, ಅಪ್ಪನ ಹೆಸರಿನ ಕಲ್ಲಿಗೆ ಕೈಹಾಕಿದ. ಹಂಚು, ಗೋಡೆ, ಹೆಸರು ಎಲ್ಲವೂ ಬಯಲಾಯಿತು.

"ಇದೇನು?" ಎಂದರು ಪರೀಕ್ಷಕರು.

ಎಡ್ಮಂಡರು ಟೈ ಸರಿಮಾಡಿಕೊಂಡರು. "ಪ್ರಸ್ತಾವಿತ... ಮಾದರಿ, ಸರ್."

ಪರೀಕ್ಷಕರು ಕಂಬವನ್ನು ಬೆರಳಿನಿಂದ ತಟ್ಟಿ ನೋಡಿದರು. "ಪೂರ್ಣ ಗಾತ್ರದಲ್ಲೇ ಮಾಡಿದ್ದೀರಿ! ನಾನು ಇಷ್ಟು ವರ್ಷದಲ್ಲಿ ಇಂಥ ಶ್ರಮ ಕಂಡಿಲ್ಲ."

ಪ್ರಥಮ ದರ್ಜೆ ಬಂತು. ಪ್ರಬಂಧದ ಶಿಫಾರಸಿನಲ್ಲಿ, ಪರೀಕ್ಷಕರಿಗೆ ಹಿತವಾಗಲೆಂದು, ಎರಡೂ ಬದಿಗೆ ಅನುಮತಿ ನೀಡತಕ್ಕದ್ದು ಎಂದು ಎಡ್ಮಂಡರು ಬರೆದಿದ್ದರು. ಮುದ್ದಣ್ಣ ಅದರ ಜೆರಾಕ್ಸ್ ಹಿಡಿದುಕೊಂಡೇ ಪಂಚಾಯತಿಗೆ ಹೋದ. ಓದಿದವರು ಹೇಳಿದ್ದಕ್ಕೆ ಇಲ್ಲ ಎನ್ನುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಮಳೆಗಾಲಕ್ಕೆ ಮೊದಲೇ ಮೂಡು ಬದಿಯಲ್ಲೂ ಒಂದು ತಂಗುದಾಣ ಎದ್ದಿತು.

ಇಗರ್ಜಿಯ ಸಭೆಯಲ್ಲಿ ಹೊಸ ಬೆಂಚುಗಳಿಗೆ ಯಾರ ಹೆಸರು ಬರೆಸುವುದೆಂಬ ಪ್ರಶ್ನೆ ಬಂದಾಗ, ವಿಲ್ಫ್ರೆಡ್ ತಾವಾಗಿಯೇ ತಿರುಗಿ, "ಎಡ್ಮಂಡ್ ಭಾವ, ಇದಕ್ಕೆ ನೀವೇ ಸರಿ, ಮಾತನಾಡಿ" ಎಂದರು. ಎಡ್ಮಂಡರು ಎದ್ದು ನಿಂತರು. ಒಂದು ಬೆಂಚಿನಲ್ಲಿ ಅಪೊಲೋನಿಯಾ ಬಾಯಿ ಅವರನ್ನೇ ನೋಡುತ್ತಿದ್ದರು.

"ವಿಷಯ ಸ್ವಲ್ಪ ಟೆಕ್ನಿಕಲ್ ಉಂಟು," ಎಂದು ಹೇಳಿ ಕುಳಿತುಬಿಟ್ಟರು.

ಬಸ್ಸಿನ ಡ್ರೈವರ್ ಯಾರ ಪಕ್ಷವೂ ಬೇಡವೆಂದು ಈಗ ಮೋರಿಯ ನಟ್ಟನಡುವೆ ನಿಲ್ಲಿಸುತ್ತಾನೆ. ಮೂಡಿನಿಂದ ಮುದ್ದಣ್ಣ "ಪೊರ್ಬುಗಳೇ, ಬನ್ನಿ, ನೆರಳುಂಟು" ಎಂದು ಕರೆಯುತ್ತಾನೆ. ಪಡುವಿನಿಂದ ಅಪೊಲೋನಿಯಾ ಬಾಯಿ ಕರೆಯುತ್ತಾರೆ, ಅವರ ಪಕ್ಕದಲ್ಲಿ ಹಾಯಾಗಿ ಕೂತ ಲೊರ್ನಾ ಕೂಡ. ಎಡ್ಮಂಡರು ಟೈ ಸಡಿಲಿಸಿ, ಮಸ್ಕತ್ತಿನ ಕೊಡೆ ಬಿಡಿಸಿ, ಬಸ್ಸು ಬರುವ ದಿಕ್ಕನ್ನೇ ನೋಡುತ್ತ ಮೋರಿಯ ಮೇಲೆ ನಿಂತಿರುತ್ತಾರೆ.