ಶಿವಗಂಗವ್ವನ ಖಾನಾವಳಿಯಲ್ಲಿ ಒಂದು ಮಣೆ

ಪರಊರಿಗೆ ಹೋದಾಗ ಅಗ್ಗದ ಊಟ ಹುಡುಕುವುದನ್ನು ಮುಗಳಖೋಡದ ಲಗಮಣ್ಣ ಕಲಿತದ್ದು ಅಪ್ಪನಿಂದ. ಅಪ್ಪ ನಿಪ್ಪಾಣಿ ಪೇಟೆಗೆ ತಂಬಾಕಿನ ಗಾಡಿ ಹೊಡೆಯುತ್ತಿದ್ದ. ಹೇರಿನ ಮೇಲೆ ಮಕ್ಕಳಿಬ್ಬರು, ಹಿರಿಯವ ಧರೆಪ್ಪ, ಕಿರಿಯವ ಲಗಮಣ್ಣ. ಪೇಟೆ ಮುಟ್ಟಿದ ಮೇಲೆ ಅಪ್ಪನದು ಒಂದೇ ಪಾಠ. ಬೋರ್ಡು ಹಾಕಿದಲ್ಲಿ ಹೋಗಬೇಡಿ, ಗೋಡೆಗೆ ಕನ್ನಡಿ ಹೊಡೆದಲ್ಲಿ ಮೊದಲೇ ಹೋಗಬೇಡಿ, ಹಮಾಲರು ಎಲ್ಲಿ ಕೈ ತೊಳೆಯುತ್ತಾರೋ ನೋಡಿಕೊಂಡು ಅಲ್ಲಿ ನುಗ್ಗಿರಿ.

ಆ ಪಾಠ ಮುಂದೆ ಕೋರ್ಟಿನ ದಿನಗಳಿಗೆ ಬಳಕೆಯಾದೀತೆಂದು ಯಾರು ಅಂದುಕೊಂಡಿದ್ದರು!

ಅಪ್ಪ ಸತ್ತ ಮೇಲೆ ಹೊಲ ಎರಡಾಯಿತು. ರಸ್ತೆಯ ಕಡೆಯದು ಧರೆಪ್ಪನಿಗೆ, ಹಿಂದಿನದು ಲಗಮಣ್ಣನಿಗೆ. ನಡುವೆ ಗಾಡಿ ದಾರಿ ಬಿಡಬೇಕೆಂದು ಹಿರಿಯರು ಬಾಯಿಮಾತಿನಲ್ಲಿ ಹೇಳಿದ್ದರು. ಬಾಯಿಮಾತಿಗೆ ಎಷ್ಟು ದಿನದ ಆಯುಷ್ಯ? ಎಂಬತ್ತಾರರಲ್ಲಿ ಧರೆಪ್ಪ ಆ ದಾರಿಯ ಮೇಲೆ ನೇಗಿಲು ಹೊಡೆದು ಕಬ್ಬು ಹಚ್ಚಿದ. ಆ ವರ್ಷ ಲಗಮಣ್ಣನ ಕಬ್ಬು ಫ್ಯಾಕ್ಟರಿಗೆ ಹೋಗಲಾರದೆ ನಿಂತಲ್ಲೇ ಬೆಂಡಾಯಿತು. ಸಿಟ್ಟಿನ ಮನುಷ್ಯ. ಬೆಳಗಾಗುವುದರೊಳಗೆ ಚಿಕ್ಕೋಡಿ ಬಸ್ಸು ಹತ್ತಿ, ವಕೀಲರ ಮನೆಯ ಕಟ್ಟೆಯ ಮೇಲೆ ಕೂತಿದ್ದ.

ನಮ್ಮ ಸೀಮೆಯಲ್ಲಿ ಕೋರ್ಟಿಗಿಂತ ಮೇಲಿನ ಕಾಯಿದೆ ಒಂದಿದೆ. ಜಗಳ ಬಿದ್ದವರು ಒಂದೇ ಪಂಕ್ತಿಯಲ್ಲಿ ಮಗ್ಗುಲು ಮಗ್ಗುಲಿಗೆ ಕೂತು ಉಂಡರೆ ಜಗಳ ಅಲ್ಲಿಗೆ ಮುಗಿಯಿತು. ಉಂಡ ಮೇಲೂ ಕೋರ್ಟು ಮೆಟ್ಟಿಲು ಹತ್ತಿದವನಿಗೆ ಊರಲ್ಲಿ ಮೂರು ಕಾಸಿನ ಮರ್ಯಾದೆ ಉಳಿಯುವುದಿಲ್ಲ. ಅದಕ್ಕೇ ಅಣ್ಣತಮ್ಮಂದಿರು ತಾರೀಖಿಗೆ ಒಂದೇ ಬಸ್ಸಿನಲ್ಲಿ ಬಂದರೂ, ಒಂದೇ ಬೇವಿನ ನೆರಳಲ್ಲಿ ನಿಂತರೂ, ಊಟದ ಹೊತ್ತಿಗೆ ಲಗಮಣ್ಣ ಬೇರೆ ದಾರಿ ಹಿಡಿಯುತ್ತಿದ್ದ. ದಾರಿ ಕೊಡದವನ ಜೊತೆ ರಾಜಿ ಎಂಥದ್ದು?

ಮೊದಲು ಅವನಿಗೆ ಸಿಕ್ಕದ್ದು ಬಸ್‌ಸ್ಟ್ಯಾಂಡಿನ ಹಿಂದೆ ಕಂಡಕ್ಟರುಗಳು ಉಣ್ಣುವ ತಗಡಿನ ಶೆಡ್ಡು. ರೊಟ್ಟಿ ಚಲೋ, ಸಾರು ಖಾರ. ಮುಂದಿನ ತಾರೀಖಿಗೆ ಹೋಗಿ ನೋಡಿದರೆ ಒಳಗೆ ಧರೆಪ್ಪ. ಲಗಮಣ್ಣ ಹೊಸಿಲಿನಿಂದಲೇ ತಿರುಗಿದ. ಆಮೇಲೆ ಸಂತೆಪೇಟೆಯ ಹಮಾಲರ ಖಾನಾವಳಿ ಹುಡುಕಿದ. ಎರಡು ಸಲ ನೆಮ್ಮದಿಯಿಂದ ಉಂಡ, ಮೂರನೆಯ ಸಲ ಅಲ್ಲೂ ಧರೆಪ್ಪ. ಕೊಲ್ಲಾಪುರ ಬಸ್ಸು ನಿಲ್ಲುವಲ್ಲಿ ಮರಾಠಿ ಮುದುಕಿಯೊಬ್ಬಳು ಝುಣಕ ಭಾಕರಿ ಮಾರುತ್ತಿದ್ದಳು. ಧರೆಪ್ಪ ಅಲ್ಲಿಗೂ ಬಂದು ಕೂತ. ಒಬ್ಬನೇ ಅಪ್ಪನ ಪಾಠ ಕಲಿತವರು ಒಂದೇ ಒಲೆಯ ಮುಂದೆ ಬಂದು ನಿಲ್ಲುವುದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಲಗಮಣ್ಣನ ತಲೆಗೆ ಅದು ಅಣಕಿಸುವ ಆಟವಾಗಿ ಕಂಡಿತು. ಅರ್ಧ ಊರೇ ತುಂಬಿದ್ದ ಬಸ್ಸಿನಲ್ಲಿ, ಅಣ್ಣನಿಗೆ ಕೇಳಲೆಂದೇ ಅಂದ, "ನನ್ನ ದಾರಿ ತಿಂದ. ಈಗ ನನ್ನ ಊಟಾನೂ ತಿನ್ನಾಕ ಬೆನ್ನ ಹತ್ಯಾನ."

ಧರೆಪ್ಪ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ.

ಹೀಗೆ ಅಲೆದು ಅಲೆದು ಸಿಕ್ಕದ್ದು ಶಿವಗಂಗವ್ವನ ಮನೆ. ಕೋರ್ಟಿನ ಹಿಂದಿನ ಸಂದಿಯಲ್ಲಿ ಗೋಣಿತಟ್ಟಿನ ಪರದೆ, ಒಳಗೆ ಗೋಡೆಗುಂಟ ಸಾಲಾಗಿ ಮಣೆಗಳು, ಅಷ್ಟೇ. ಬೋರ್ಡಿಲ್ಲ. ಕೋರ್ಟಿನ ಸಿಪಾಯಿಗಳು ಅಲ್ಲಿಂದ ಮೀಸೆ ಒರೆಸಿಕೊಳ್ಳುತ್ತ ಹೊರಬೀಳುವುದನ್ನು ನೋಡಿ ಲಗಮಣ್ಣ ನುಗ್ಗಿದ್ದ. ಶಿವಗಂಗವ್ವ ಅಥಣಿ ಕಡೆಯ ವಿಧವೆ, ಬಾಯಿ ಕತ್ತಿಯಂಥದ್ದು, ಕೈ ದೊಡ್ಡದು. ಬಿಸಿ ರೊಟ್ಟಿ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ, ಗುದ್ದಿ ಒಡೆದ ಉಳ್ಳಾಗಡ್ಡಿ. ಸಾಕೆಂದವನಿಗೆ ಸಾಕೆಂದದ್ದಕ್ಕೇ ಬೈದು ಇನ್ನೊಂದು ಹಾಕುತ್ತಿದ್ದಳು. ವರ್ಷವೊಂದು ಲಗಮಣ್ಣ ಅಲ್ಲೇ ಉಂಡ. ಆ ಸಂದಿಯ ಹೆಸರನ್ನು ಯಾರ ಮುಂದೆಯೂ ಎತ್ತಲಿಲ್ಲ.

ಎಂಬತ್ತೊಂಬತ್ತರ ಬೇಸಿಗೆಯಲ್ಲಿ ಒಂದು ದಿನ ಜಡ್ಜ್ ಸಾಹೇಬರು ರಜೆ. ಇನ್ನೊಂದು ತಾರೀಖು ಬಿತ್ತು. ಮೈಯೆಲ್ಲ ಉರಿಯುತ್ತ ಲಗಮಣ್ಣ ಗೋಣಿತಟ್ಟು ಸರಿಸಿದ. ಮಣೆಗಳೆಲ್ಲ ತುಂಬಿದ್ದವು, ಒಂದು ಬಿಟ್ಟು. ಅದರ ಮಗ್ಗುಲಲ್ಲಿ ಧರೆಪ್ಪ. ಅವನ ಮುಂದಿನ ತಾಟು ಬಡಿಸಿದ ಹಾಗೇ ಇತ್ತು, ರೊಟ್ಟಿ ಮುರಿದಿರಲಿಲ್ಲ. ಇವನನ್ನು ಕಂಡವನೇ ಖಾಲಿ ಮಣೆಯನ್ನು ಕೈಯಿಂದ ಒಂದಿಷ್ಟು ತನ್ನ ಕಡೆಗೆ ಎಳೆದ. ಮುಖ ಮೇಲೆತ್ತಲಿಲ್ಲ.

"ಕುಂಡ್ರು. ರೊಟ್ಟಿ ಆರ್ತಾವ."

ಶಿವಗಂಗವ್ವ ಆಗಲೇ ಆ ಮಣೆಯ ಮುಂದೆ ತಾಟು ಇಟ್ಟು ಬಡಿಸಿದ್ದಳು. ಲಗಮಣ್ಣನಿಗೆ ಕಂಡದ್ದು ಬೆಂಡಾಗಿ ನಿಂತ ಕಬ್ಬು.

"ನನ್ನ ದಾರಿ ತಿಂದಿ, ಅದರಾಗ ಹೊಟ್ಟಿ ತುಂಬಲಿಲ್ಲೇನ ನಿಂಗ?" ಎಂದು ತಾಟಿಗೆ ಕಾಲಿನಿಂದ ಒದ್ದ.

ತಾಟು ಗೋಡೆಗೆ ಬಡಿದು ಪಲ್ಯ ಧರೆಪ್ಪನ ಧೋತರದ ಮೇಲೆ ಚೆಲ್ಲಿತು. ಉಣ್ಣುತ್ತಿದ್ದವರ ಕೈ ನಿಂತವು. ಜಗಳ ಎಷ್ಟು ದೊಡ್ಡದಿದ್ದರೂ ಅನ್ನಕ್ಕೆ ಕಾಲು ತಾಗಿಸಿದವನನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಧರೆಪ್ಪ ಚೆಲ್ಲಿದ ಕಾಳನ್ನೆಲ್ಲ ಬಳಿದು ತನ್ನ ತಾಟಿಗೆ ಹಾಕಿದ, ಬಿದ್ದ ರೊಟ್ಟಿ ಎತ್ತಿ ಕಣ್ಣಿಗೆ ಒತ್ತಿಕೊಂಡ. ಒಂದು ತುತ್ತೂ ಉಣ್ಣದೆ ಎದ್ದು ಹೋದ.

ಶಿವಗಂಗವ್ವ ಕೂಗಾಡಲಿಲ್ಲ. ಅವಳು ಕೂಗಾಡಿದ್ದರೆ ಲಗಮಣ್ಣನಿಗೆ ಹಗುರಾಗುತ್ತಿತ್ತು.

"ಬೆಳಿಗ್ಗೇನ ಬಂದು ಮಣಿ ಹಿಡದ ಕುಂತಿದ್ದ," ಅಂದಳು. "ನನ್ನ ತಮ್ಮ ಬರ್ತಾನವ್ವಾ, ಇಲ್ಲಿ ಯಾರನ್ನೂ ಕುಂಡ್ರಸಬ್ಯಾಡ ಅಂದ. ನಿನ್ನ ಹುಡುಕಿ ಹುಡುಕಿ ಚಿಕ್ಕೋಡ್ಯಾಗಿನ ಖಾನಾವಳಿ ಎಲ್ಲಾ ತಿರಗ್ಯಾನಂತ. ದಾರಿ ಬಿಡಾಕ ತಯಾರ ಅದೀನಿ, ಹಿರ್ಯಾಂವ ಆಗಿ ಬಾಯಿಬಿಟ್ಟು ಹ್ಯಾಂಗ ಹೇಳಲಿ ಅಂದ. ನೀ ನಡಿ ಹೊರಗ. ಇನ್ನ ಈ ಮನ್ಯಾಗ ನಿನಗ ಊಟಿಲ್ಲ."

ಲಗಮಣ್ಣ ಹೊರಗೆ ಬಂದು ಸಂದಿಯಲ್ಲಿ ನಿಂತ. ಮಗ್ಗುಲಿಗೆ ಮಣೆ ಎಳೆದದ್ದೇ ತಪ್ಪೊಪ್ಪಿಗೆ ಎಂಬುದು ಹೊಳೆಯದಷ್ಟು ಅವನೇನು ಪರದೇಶದವನೇ? ಆ ಕಾಯಿದೆ ಅವನಿಗೂ ಗೊತ್ತಿತ್ತು. ರಾಜಿಯ ಹೆದರಿಕೆಯಿಂದಲೇ ಊರೆಲ್ಲ ಓಡಾಡಿದವನು, ಅಣ್ಣ ಅದೇ ರಾಜಿಗಾಗಿ ಬೆನ್ನು ಹತ್ತಿರಬಹುದೆಂದು ಒಮ್ಮೆಯೂ ಎಣಿಸಲಿಲ್ಲ. ಸಿಟ್ಟು ಕಣ್ಣಿಗೆ ಪೊರೆ ಕಟ್ಟಿದರೆ ಹೀಗೇ.

ಮುಂದಿನ ತಾರೀಖಿಗೆ ಧರೆಪ್ಪ ಮನೆಯಿಂದಲೇ ಬುತ್ತಿ ತಂದಿದ್ದ. ಬೇವಿನ ಬುಡದಲ್ಲಿ ಜನರಿಗೆ ಬೆನ್ನು ಮಾಡಿ ಉಣ್ಣುತ್ತಿದ್ದ. ಲಗಮಣ್ಣ ಹೋಗಿ ಹತ್ತಿರ ನಿಂತ, ಆಮೇಲೆ ಕುಕ್ಕರಗಾಲಿನಲ್ಲಿ ಕೂತ.

"ಅಣ್ಣಾ, ಒಂದ ರೊಟ್ಟಿ ಕೊಡು," ಅಂದ.

ಧರೆಪ್ಪ ಉಳಿದ ರೊಟ್ಟಿಗಳನ್ನು ಅರಿವೆಯಲ್ಲಿ ಸುತ್ತಿ ಗಂಟು ಬಿಗಿದು ಎದ್ದ. ಮತ್ತೆ ಆ ಕಡೆ ತಿರುಗಲಿಲ್ಲ.

ದಾವೆ ಎಳೆದು ಎಳೆದು ತೊಂಬತ್ತೆರಡರಲ್ಲಿ ಮುಗಿಯಿತು. ಲಗಮಣ್ಣ ಗೆದ್ದ. ಕೋರ್ಟಿನವರು ಬಂದು ಅಳೆದು ಕಲ್ಲು ನೆಟ್ಟರು. ದಾರಿ ಧರೆಪ್ಪನ ಹೊಲದ ಮನೆಯ ಕಟ್ಟೆಗೆ ತಾಗಿಕೊಂಡೇ ಹೋಯಿತು.

ಈಗ ಪ್ರತಿ ಸುಗ್ಗಿಗೂ ಲಗಮಣ್ಣ ಕಬ್ಬಿನ ಟ್ರ್ಯಾಕ್ಟರಿನಲ್ಲಿ ಡ್ರೈವರನ ಪಕ್ಕಕ್ಕೆ ಕೂತು ಆ ದಾರಿಯಿಂದ ಹೋಗುತ್ತಾನೆ. ಕಟ್ಟೆಯ ಮೇಲೆ ಧರೆಪ್ಪ ಉಣ್ಣುತ್ತ ಕೂತಿರುತ್ತಾನೆ. ಉಣ್ಣುವಾಗ ಎದುರು ಹಾಯ್ದವರನ್ನು, ಗುರುತಿಲ್ಲದವರೇ ಆಗಿರಲಿ, ಕರೆಯದೆ ಬಿಡುವುದು ನಮ್ಮಲ್ಲಿಲ್ಲ.

"ಡ್ರೈವರ್, ಬಾರಪಾ, ಊಟ ಮಾಡೂಣು," ಅನ್ನುತ್ತಾನೆ ಧರೆಪ್ಪ.

"ಆಗೇತ್ರಿ ಮಾಮಾ, ನೀವ ಮಾಡ್ರಿ," ಅನ್ನುತ್ತಾನೆ ಡ್ರೈವರ್.

ಲಗಮಣ್ಣ ಹೊರಳಿ ಹಿಂದಿನ ಕಬ್ಬಿನ ಹೇರು ನೋಡುತ್ತಾನೆ.